ಲೋಟದ ಕೆಳಗಿನ ಬಟ್ಟೆ

ನನ್ನ ಭಾವನನ್ನು ಬೀದಿಯವರೆಲ್ಲ ಗುಮ್ಮಣ್ಣ ಎಂದೇ ಕರೆಯುವುದು. ಮನೆಯ ಕೆಳಗಿನ ಕೋಣೆಯಲ್ಲಿ ಹಳೆಯ ಸ್ಪೀಕರುಗಳನ್ನು ರಿಪೇರಿ ಮಾಡುತ್ತಿದ್ದ ಈ ಮನುಷ್ಯ ಬೆಳಗಾಯಿತೆಂದರೆ ಗುಂ ಗುಂ ಎನಿಸಲು ಶುರುಮಾಡುತ್ತಿದ್ದರು. ಹೆಸರು ತಾನಾಗಿ ಅಂಟಿಕೊಂಡಿತು. ಆ ಹೆಸರು ಕಿವಿಗೆ ಬಿದ್ದರೆ ನನ್ನ ಅಕ್ಕನಿಗೆ ಮೈ ಉರಿಯುತ್ತಿತ್ತು. ಭಾವನಿಗೆ ಮಾತ್ರ ಖುಷಿ. “ಮಾಡೋ ಕೆಲಸದ ಸದ್ದೇ ಹೆಸರಾಗೋ ಭಾಗ್ಯ ಎಷ್ಟು ಜನಕ್ಕಿದೆ ಹೇಳು” ಎನ್ನುತ್ತಿದ್ದರು. ನಾನು ಎದುರು ಸಾಲಿನಲ್ಲಿ ಬಟ್ಟೆ ಹೊಲಿಯುವವಳು. “ಹಾಗಾದ್ರೆ ನನ್ನನ್ನ ಟಕಟಕಮ್ಮ ಅನ್ನಬೇಕಿತ್ತು ಭಾವ” ಎಂದು ತಿರುಗೇಟು ಕೊಡುತ್ತಿದ್ದೆ.

ಹಳೆಯ ಸ್ಪೀಕರಿನಲ್ಲಿ ಮೊದಲು ಕೈಕೊಡುವುದು ವೂಫರ್, ಅಂದರೆ ದಪ್ಪ ಸದ್ದು ಹೊರಡಿಸುವ ಆ ದೊಡ್ಡ ಕಾಗದದ ತಟ್ಟೆ. ತಟ್ಟೆ ಗಟ್ಟಿಯಾಗಿಯೇ ಇರುತ್ತದೆ. ಅದನ್ನು ಸುತ್ತಲೂ ಹಿಡಿದುಕೊಂಡ ಫೋಮಿನ ಪಟ್ಟಿ ವರ್ಷಗಳು ಕಳೆದಂತೆ ಕೊಳೆತು, ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತದೆ. ಭಾವ ಅದನ್ನು ಕೆರೆದು, ಹಳೆಯ ಅಂಟನ್ನೆಲ್ಲ ತೆಗೆದು, ಹೊಸ ಪಟ್ಟಿ ಅಂಟಿಸುವರು. ಅಂಟು ಒಣಗುವ ಮುಂಚೆ ತೀರಾ ತಗ್ಗಿನ ಸ್ವರವೊಂದನ್ನು ಹಾಕಿ ತಟ್ಟೆಯನ್ನು ಸರಿಯಾಗಿ ನಡುವಿಗೆ ಕೂರಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಹಿಂದಿನ ತಂತಿ ಸುರುಳಿ ಉಜ್ಜಿ ಕರಕರ ಎನ್ನುತ್ತದೆ. ಆಮೇಲೆ ಪರೀಕ್ಷೆ. ಸ್ವರವನ್ನು ಮೆಲ್ಲಗೆ ಮೇಲಕ್ಕೆ ಏರಿಸುತ್ತಾ, ಎರಡು ಬೆರಳನ್ನು ತಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೂರುವರು. ಆಗ ಯಾರಾದರೂ ಕೆಮ್ಮಿದರೂ ಮುಗಿಯಿತು, ಮುಖ ಗಂಟಿಕ್ಕಿಕೊಳ್ಳುತ್ತಿದ್ದರು.

ಒಂದು ವಿಚಿತ್ರವಿದೆ. ಸ್ವರ ಏರುತ್ತಾ ಹೋದಂತೆ ಕೋಣೆಯ ಒಂದೊಂದು ಸಾಮಾನೂ ತನ್ನ ಸರದಿಗೆ ಕಾದಿದ್ದಂತೆ ನಡುಗುತ್ತದೆ. ಒಂದು ಸ್ವರಕ್ಕೆ ಮೊಳೆಗಳ ಡಬ್ಬಿ, ಇನ್ನೊಂದಕ್ಕೆ ಕಿಟಕಿಯ ಗಾಜು, ಮತ್ತೊಂದಕ್ಕೆ ಬಾಗಿಲ ಚಿಲಕ. ಆ ಗದ್ದಲದಲ್ಲಿ ಸ್ಪೀಕರಿನ ಕಾಯಿಲೆ ತಿಳಿಯುವುದಿಲ್ಲ. ಅದಕ್ಕೇ ಭಾವ ನನ್ನ ಅಂಗಡಿಯ ಉಣ್ಣೆ ಬಟ್ಟೆಯ ಚೂರುಗಳನ್ನು ಒಯ್ದು ಡಬ್ಬಿಯ ಕೆಳಗೆ, ಗಾಜಿನ ಅಂಚಿಗೆ, ಚಿಲಕದ ಸಂದಿಗೆ ತುರುಕಿ ಎಲ್ಲದರ ಬಾಯಿ ಮುಚ್ಚಿಸಿದ್ದರು. ಪೆಟ್ಟಿಗೆಯಿಂದ ಬಾರದ ಸದ್ದೆಲ್ಲ ಅವರ ಪಾಲಿಗೆ ಬರೀ ಕಾಟ. ಕಾಟವನ್ನು ಅಡಗಿಸಿದರೆ ಆಯಿತು. ಅದೇ ಅವರಿಗೆ ಮುಳುವಾಯಿತು.

ಆ ವರ್ಷ ಪಕ್ಕದ ಹಳೆಯ ಮನೆಯನ್ನು ಕೆಡವಿದರು. ಅಲ್ಲಿ ಏನೋ ದೊಡ್ಡ ಕಟ್ಟಡ ಬರುತ್ತದಂತೆ, ನೆಲದಡಿಯಲ್ಲಿ ಕಾರು ನಿಲ್ಲಿಸುತ್ತಾರಂತೆ. ಮಣ್ಣು ತೋಡುವ ಯಂತ್ರ ಬಂದು ನಮ್ಮ ಭಾವನ ಗೋಡೆಯ ಪಕ್ಕದಲ್ಲೇ ಗುಂಡಿ ತೆಗೆಯತೊಡಗಿತು. ಅದೇ ಹೊತ್ತಿಗೆ ಅಕ್ಕ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಳು. ತೊಡೆಯ ಬುಡದಿಂದ ಪಾದದವರೆಗೆ ಪ್ಲಾಸ್ಟರ್. ಕಾಲು ನೆಲಕ್ಕೆ ಊರಲೇಬಾರದು ಎಂದರು ಡಾಕ್ಟರು. ಮಹಡಿಯ ಕೋಣೆಯಲ್ಲಿ, ಗುಂಡಿಯ ಕಡೆಯ ಗೋಡೆಗೆ ಒತ್ತಿದ ಮಂಚದ ಮೇಲೆ, ಭಾವನ ಕೋಣೆಯ ನೆತ್ತಿಗೆ ಸರಿಯಾಗಿ, ಅವಳು ಹಗಲೂ ರಾತ್ರಿ ಮಲಗಿಯೇ ಇರಬೇಕಾಯಿತು. ಕೆಳಗಿಳಿಯಲು ಇರುವುದು ಒಬ್ಬರೇ ಹತ್ತುವಂಥ ಇಕ್ಕಟ್ಟಾದ ಮೆಟ್ಟಿಲು.

ನಾನು ದಿನಾ ಆ ಗುಂಡಿಯ ಅಂಚಿಗೆ ಹೋಗಿ ಇಣುಕುತ್ತಿದ್ದೆ. ಒಂದು ದಿನ ಮೇಸ್ತ್ರಿಯನ್ನು ಹಿಡಿದು ನಿಲ್ಲಿಸಿ ಕೇಳಿದೆ. “ಗೋಡೆಗೇನೂ ಆಗಲ್ಲ ಕಣಮ್ಮ, ಜಾಗ ಬಿಟ್ಟೇ ಅಗೀತಿದ್ದೀವಿ” ಎಂದ. “ಎಷ್ಟು ಬಿಟ್ಟಿದ್ದೀರಿ, ಬೆರಳು ತೂರೋಷ್ಟಾ?” ಎಂದು ಕೂಗಾಡಿದೆ. ಅವನು ನಕ್ಕು ತನ್ನ ಕೆಲಸ ನೋಡಿಕೊಂಡ. ಭಾವ ಹೊರಗೆ ಬಂದು, “ಯಾಕೆ ಕಾಲು ಕೆರೆದು ಜಗಳಕ್ಕೆ ಹೋಗ್ತೀಯ? ಅವರ ಕೆಲಸ ಅವರಿಗೆ ಗೊತ್ತಿರತ್ತೆ” ಎಂದು ನನ್ನನ್ನೇ ಗದರಿದರು.

ಆ ದಿನಗಳಲ್ಲಿ ಅವರ ತಲೆಯಲ್ಲಿ ಬೇರೆಯೇ ಹುಳ ಕೊರೆಯುತ್ತಿತ್ತು. ಮುಚ್ಚಿಹೋದ ಚಿತ್ರಮಂದಿರವೊಂದರ ಆಪರೇಟರ್ ಅಲ್ಲಿನ ಎರಡು ಸ್ಪೀಕರುಗಳನ್ನು ತಂದುಕೊಟ್ಟಿದ್ದ, ಒಂದೊಂದೂ ಬೀರುವಿನಷ್ಟು ಎತ್ತರ. ಭಾವ ಪಟ್ಟಿ ಹಾಕಿದರು, ನಡುವಿಗೆ ಕೂರಿಸಿದರು, ಪರೀಕ್ಷೆಗೆ ಇಟ್ಟರು. ಒಂದು ಸ್ವರಕ್ಕೆ ಬಂದೊಡನೆ ಝಿರ್ರ್ ಎಂದಿತು. ತಮ್ಮ ಕೈಯ ತಪ್ಪೇ ಎಂದು ಎಲ್ಲವನ್ನೂ ಕಿತ್ತು ಮತ್ತೆ ಅಂಟಿಸಿದರು. ಮತ್ತೆ ಝಿರ್ರ್. ಪಟ್ಟಿ ಬದಲಾಯಿಸಿದರು, ಸುರುಳಿಯ ಸಂದಿಯ ಧೂಳು ತೆಗೆದರು, ಪೆಟ್ಟಿಗೆಯ ಸ್ಕ್ರೂಗಳನ್ನೆಲ್ಲ ಬಿಗಿದರು. ಊಟ ಸೇರಲಿಲ್ಲ. “ನನ್ನ ಕೈ ಹೋಯ್ತು ಅನ್ಸತ್ತೆ” ಎಂದು ನನ್ನ ಮುಂದೆ ಕಣ್ಣು ತುಂಬಿಕೊಂಡರು.

ಮೇಲೆ ಅಕ್ಕನಿಗೂ ಒಂದು ಕಾಟ ಶುರುವಾಗಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅವಳ ನೀರಿನ ಸ್ಟೀಲ್ ಲೋಟ ಇರುತ್ತಿತ್ತು.

“ರೀ, ಈ ಲೋಟ ಸುಮ್ಮಸುಮ್ಮನೆ ಹಾಡತ್ತೆ.”

“ನಾನು ಕೆಳಗೆ ಸ್ವರ ಹಾಕಿರ್ತೀನಲ್ಲ, ಅದಕ್ಕೆ.”

“ನೀವು ಹಾಕದೇ ಇದ್ದಾಗ್ಲೂ ಹಾಡತ್ತೆ. ನಾನೇನು ಕಿವುಡೀನಾ?”

“ಹಾಗಾದ್ರೆ ಆ ಯಂತ್ರದ ಸದ್ದಿಗೆ ಇರಬೇಕು ಬಿಡು.”

ಅಂದೇ ಉಣ್ಣೆ ಬಟ್ಟೆಯ ಚೂರೊಂದನ್ನು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ ಲೋಟದ ಕೆಳಗಿಟ್ಟರು. ಲೋಟ ಸುಮ್ಮನಾಯಿತು. “ನೋಡು, ಎಷ್ಟು ಸುಲಭ” ಎಂದರು. ಅಕ್ಕ ಮುಖ ತಿರುಗಿಸಿ ಮಲಗಿದಳು.

ಕೊನೆಗೊಂದು ದಿನ ಭಾವನಿಗೆ ಹೊಳೆಯಿತು. ಆಪರೇಟರನ ಸ್ಪೀಕರನ್ನು ಬದಿಗಿಟ್ಟು ತಮ್ಮದೇ ಹಳೆಯ, ನಂಬಿಕೆಯ ಸ್ಪೀಕರಿಗೆ ಅದೇ ಸ್ವರ ಕೊಟ್ಟರು. ಅದೇ ಝಿರ್ರ್! ಅವರ ಮುಖ ಅರಳಿದ್ದನ್ನು ನಾನೇ ನೋಡಿದೆ. ತಪ್ಪು ಕೈಯದಲ್ಲ, ಕೋಣೆಯದು. ಗೋಡೆಗುಂಟ ಕಿವಿಯಿಟ್ಟು ತೆವಳುತ್ತಾ ಹೋಗಿ, ಗುಂಡಿಯ ಕಡೆಯ ಗೋಡೆಯಲ್ಲಿ, ಸಾಮಾನಿನ ಹಲಗೆಗಳ ಹಿಂದೆ, ತೊಲೆ ಕೂರುವ ಕಡೆ ಒಂದು ಬಿರುಕನ್ನು ಹಿಡಿದರು. ಸಡಿಲವಾದ ಗಾರೆಯ ಚೂರೊಂದು ಅಲ್ಲಿ ಕಟಕಟಿಸುತ್ತಿತ್ತು. ಬೇರೆ ಯಾರೇ ಆಗಿದ್ದರೂ ಬಿರುಕು ನೋಡಿ ಮೇಸ್ತ್ರಿಯನ್ನು ಕೂಗುತ್ತಿದ್ದರು. ನಮ್ಮ ಗುಮ್ಮಣ್ಣನಿಗೆ ಕಂಡದ್ದು ಸದ್ದು ಮಾತ್ರ. ಬಟ್ಟೆ ತುರುಕಿ, ಮೇಲೆ ವೂಫರಿನ ಅಂಟು ಬಳಿದರು. ಝಿರ್ರ್ ನಿಂತಿತು. ಆ ಸಂಜೆ ಹೊಟ್ಟೆ ತುಂಬ ಉಂಡರು.

ಕೆಲವು ದಿನಗಳ ಮೇಲೆ ಅದು ಮತ್ತೆ ಬಂತು, ಈ ಸಲ ಇನ್ನೂ ತಗ್ಗಿನ ಸ್ವರಕ್ಕೆ. ಪಟ್ಟಿ ಸಡಿಲವಾದಷ್ಟೂ ತಟ್ಟೆ ತಗ್ಗಿನ ಸ್ವರಕ್ಕೆ ಒದರುತ್ತದೆ ಎಂದು ನನಗೆ ಎಷ್ಟೋ ಸಲ ಪಾಠ ಹೇಳಿದವರು ಅವರೇ. ಗೋಡೆಯ ವಿಷಯದಲ್ಲಿ ಆ ಪಾಠ ಅವರಿಗೆ ನೆನಪಾಗಲಿಲ್ಲ. ನನ್ನಿಂದ ಇನ್ನಷ್ಟು ಚೂರು ಒಯ್ದು ತುರುಕಿದರು. ಇದನ್ನು ಬರೆಯುವಾಗ ಈಗಲೂ ನನಗೆ ಕೋಪ ಬರುತ್ತದೆ.

ಒಂದು ಮಧ್ಯಾಹ್ನ ಅಕ್ಕನಿಗೆ ಊಟ ತೆಗೆದುಕೊಂಡು ಹೋದೆ. ಪಕ್ಕದ ಯಂತ್ರ ನಿಂತಿತ್ತು. ಕೆಲಸದವರೂ ಊಟಕ್ಕೆ ಎದ್ದಿದ್ದರು. ಬೀದಿಯೇ ಮೌನ. ಭಾವ ಆಪರೇಟರನ ಸ್ಪೀಕರಿನ ಮುಂದೆ, ತಟ್ಟೆಯ ಮೇಲೆ ಎರಡು ಬೆರಳಿಟ್ಟು ಕಲ್ಲಿನಂತೆ ಕೂತಿದ್ದರು. ಕಣ್ಣು ಮಾತ್ರ ತೆರೆದಿತ್ತು.

“ಇಲ್ಲಿ ಬೆರಳಿಡು” ಎಂದರು.

ಇಟ್ಟೆ. ತಟ್ಟೆ ಸಣ್ಣಗೆ ನಡುಗುತ್ತಿತ್ತು, ಜ್ವರ ಬಂದವರ ಮೈಯ ಹಾಗೆ.

“ಏನ್ ಹಾಕಿದ್ದೀರಿ ಭಾವ?”

“ಏನೂ ಹಾಕಿಲ್ಲ. ತಂತೀನೇ ಜೋಡಿಸಿಲ್ಲ.”

ನನಗೆ ಅರ್ಥವಾಗುವ ಮೊದಲೇ ಅವರು ಎದ್ದು ಹಲಗೆಗಳನ್ನು ದಬದಬನೆ ಈಚೆಗೆ ಎಳೆದರು. ಡಬ್ಬಿಗಳು ಉರುಳಿದವು. ಬಿರುಕಿನಿಂದ ಬಟ್ಟೆಯ ಚೂರುಗಳನ್ನು ಹಿಡಿ ಹಿಡಿಯಾಗಿ ಕಿತ್ತರು. ಕೆಂಪು, ಬೂದು, ನೀಲಿ, ಎಲ್ಲ ನನ್ನ ಅಂಗಡಿಯವೇ. ಹಿಂದೆ ಬೆರಳು ಹಿಡಿಯದ ಸಂದಿಯಲ್ಲಿ ಈಗ ಅವರ ಕೈ ಮುಂಗೈವರೆಗೂ ಹೋಯಿತು. ಕೈ ಹೊರಗೆಳೆದಾಗ ಆ ತೂತಿನಲ್ಲಿ ಬೆಳಕು ಕಂಡಿತು. ಗುಂಡಿಯ ಬೆಳಕು.

ಇಬ್ಬರೂ ಮೆಟ್ಟಿಲು ಹತ್ತಿದ್ದು ಹೇಗೋ ನನಗೆ ನೆನಪಿಲ್ಲ. ಅಕ್ಕ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. “ಡಾಕ್ಟರು ಅಲ್ಲಾಡಬೇಡ ಅಂದಿದ್ದಾರೆ. ಏನಾಯ್ತು ನಿಮಗೆ? ಊಟ ಆದ್ಮೇಲೆ ನೋಡೋಣ.” ಭಾವ ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿದರು. ಅವರು ಮೇಲೆ, ನಾನು ಕೆಳಗೆ, ಕುರ್ಚಿಯನ್ನು ಹಿಡಿದು ಇಳಿಸಿದೆವು. ಪ್ಲಾಸ್ಟರಿನ ಕಾಲು ಗೋಡೆಗೆ ತಾಗಿದಾಗಲೆಲ್ಲ ಅಕ್ಕ ಚೀರಿದಳು, ನನ್ನನ್ನೂ ಭಾವನನ್ನೂ ಬಾಯಿಗೆ ಬಂದಂತೆ ಬೈದಳು. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಸಿಕ್ಕಿಕೊಂಡಿತು. ನೆತ್ತಿಯ ಮೇಲೆ ಗಾರೆಯ ಪುಡಿ ಸುರಿಯತೊಡಗಿತು. ಆಮೇಲೆ ಅವಳು ಬೈಯುವುದನ್ನು ನಿಲ್ಲಿಸಿದಳು. ಹೇಗೋ ಬಿಡಿಸಿಕೊಂಡು, ಬೀದಿ ದಾಟಿ, ಅವಳನ್ನು ನನ್ನ ಅಂಗಡಿಯ ಮುಂದೆ ಇಳಿಸಿದೆವು. ಜನ ಬಂದು ಏನು, ಏನು ಎಂದು ಕೇಳುತ್ತಿದ್ದರು. ಯಾರೋ, “ಗುಮ್ಮಣ್ಣ ಹೆಂಡತೀನ ಮೆರವಣಿಗೆ ಮಾಡ್ತಿದ್ದಾನೆ” ಎಂದು ನಕ್ಕರು.

ಆ ನಗು ಮುಗಿಯುವಷ್ಟರಲ್ಲಿ ಗುಂಡಿಯ ಕಡೆಯ ಗೋಡೆ ಕುಸಿಯಿತು. ನಾನು ಅಂದುಕೊಂಡಿದ್ದಷ್ಟು ದೊಡ್ಡ ಸದ್ದೇನೂ ಆಗಲಿಲ್ಲ. ಗೋಡೆ ಸುಸ್ತಾದವರ ಹಾಗೆ ಕುಕ್ಕರಿಸಿತು, ಮಂಚವನ್ನೂ ಹಾಸಿಗೆಯನ್ನೂ ಸ್ಪೀಕರುಗಳನ್ನೂ ಗುಂಡಿಗೆ ಎಳೆದುಕೊಂಡು ಹೋಯಿತು. ಧೂಳು ಇಳಿದ ಮೇಲೆ ಮಹಡಿಯ ಕೋಣೆ ಬೀದಿಗೆಲ್ಲ ಕಾಣುವಂತೆ ಬಾಯಿ ತೆರೆದು ನಿಂತಿತ್ತು. ಮಂಚವಿದ್ದ ಕಡೆ ಬರೀ ಆಕಾಶ. ಉಳಿದ ನೆಲದ ತುತ್ತತುದಿಯಲ್ಲಿ ಸ್ಟೂಲು ಹಾಗೇ ಇತ್ತು. ಅದರ ಮೇಲೆ ನಾಲ್ಕು ಮಡಿಕೆಯ ಬಟ್ಟೆ, ಬಟ್ಟೆಯ ಮೇಲೆ ಲೋಟ.

ಅಕ್ಕ ಆ ಲೋಟವನ್ನೇ ನೋಡುತ್ತಿದ್ದಳು.

“ಅದು ಹೇಳ್ತಾನೇ ಇತ್ತು ಕಣ್ರೀ” ಎಂದಳು. “ನಾನೂ ಹೇಳ್ತಾನೇ ಇದ್ದೆ.”

ಅಕ್ಕನ ಕೈ ಮಡಿಲಲ್ಲಿ ಗಡಗಡ ನಡುಗುತ್ತಿತ್ತು. ಭಾವ ಕುರ್ಚಿಯ ಪಕ್ಕ ಮಂಡಿಯೂರಿ ಆ ಕೈಯನ್ನು ಹಿಡಿದು ನಿಲ್ಲಿಸಲು ಹೋದರು.

“ಹಿಡೀಬೇಡಿ” ಎಂದಳು ಅಕ್ಕ. “ನಡುಗ್ಲಿ ಬಿಡಿ.”