ಮಂಜುಗಡ್ಡೆಗೆ ನೀರು ಚಿಮುಕಿಸಿದ ಬೇಸಿಗೆ

ಹೋದ ತಿಂಗಳು ನಮ್ಮ ಮನೆಗೆ ಕಿಟಕಿ ಮಾಡಲು ಬಂದಿದ್ದ ಬಡಗಿ ಅಂಗಳದಲ್ಲಿ ಮರದ ಹೊಟ್ಟನ್ನು ರಾಶಿ ಹಾಕಿಬಿಟ್ಟು ಊಟಕ್ಕೆ ಹೋಗಿದ್ದ. ಅಷ್ಟರಲ್ಲಿ ಒಂದು ಸಣ್ಣ ಮಳೆ ಬಂದು ಹೋಯಿತು. ನೆನೆದ ಹೊಟ್ಟಿನ ವಾಸನೆ ನಡುಮನೆಗೆ ಬಂದದ್ದೇ ತಡ, ಕೈಯಲ್ಲಿದ್ದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟೆ. ಸೊಸೆ, ‘ಯಾಕೆ ಮಾವ, ಸಕ್ಕರೆ ಕಮ್ಮಿ ಆಯ್ತಾ?’ ಅಂದಳು. ಸಕ್ಕರೆ ಸರಿಯಾಗಿಯೇ ಇತ್ತು. ನನ್ನ ಬಲಭುಜ ತಣ್ಣಗಾಗಿತ್ತು, ಅಷ್ಟೆ. ಅದು ಅರವತ್ತು ವರ್ಷಕ್ಕೂ ಹಿಂದಿನ ತಂಪು...

ಕ್ಯಾಸಂಬಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಲ್ಲಿ ನಾನೇ ಮೊದಲನೆಯವನು. ಈ ವಿಷಯವನ್ನು ಊರು ಬೇಗ ಮರೆಯಿತು, ನಾನು ಮರೆಯಲಿಲ್ಲ. ಮೇಷ್ಟರ ಟ್ರೈನಿಂಗಿಗೆ ಅರ್ಜಿ ಹಾಕಿ ಕೂತಿದ್ದೆ. ಅರ್ಜಿ ಹಾಕಿಕೊಂಡವನು ಹೊಲಕ್ಕೂ ಆಗುವುದಿಲ್ಲ, ಮನೆಗೂ ಆಗುವುದಿಲ್ಲ ಎಂಬುದು ನಮ್ಮಪ್ಪನ ಅಭಿಪ್ರಾಯ. ಮದುವೆ ಬೇರೆ ಆಗಿತ್ತು. ರಾಗಿ ಒಕ್ಕಣೆ ಮುಗಿದು, ಬೇಸಿಗೆಯ ಸೊಪ್ಪು ತರಕಾರಿ ಬಿಟ್ಟರೆ ಬೇರೆ ಕೆಲಸವಿಲ್ಲದ ದಿನಗಳು. ಊರಿಗಾಂನಲ್ಲಿದ್ದ ಒಂದು ಐಸ್ ಫ್ಯಾಕ್ಟರಿಗೆ ಸೀಸನ್ ಆಳು ಬೇಕಂತೆ ಎಂದು ಯಾರೋ ಹೇಳಿದರು. ಶಿವರಾತ್ರಿ ಕಳೆದ ಮೇಲೆ ಸೇರಬೇಕು, ಮೊದಲ ದೊಡ್ಡ ಮಳೆ ಬಿದ್ದ ದಿನ ಬಿಡಬೇಕು. ಭೂಗೋಳದ ಪುಸ್ತಕದಲ್ಲಿ ಧ್ರುವಪ್ರದೇಶದ ಪಾಠ ಓದಿದ್ದ ನನಗೆ ಮಂಜುಗಡ್ಡೆಯ ಬಗ್ಗೆ ಎಲ್ಲಾ ಗೊತ್ತು ಎಂಬ ಧೈರ್ಯವಿತ್ತು.

ಅಲ್ಲಿ ನಮ್ಮನ್ನು ನಡೆಸುತ್ತಿದ್ದವರು ಮೇಸ್ತ್ರಿ. ಅವರನ್ನು ಬೇರೆ ಹೆಸರಿನಿಂದ ಕರೆದವರನ್ನು ನಾನು ನೋಡಲಿಲ್ಲ. ಐವತ್ತು ದಾಟಿದ ವಯಸ್ಸು. ಮನೆಮಾತು ತಮಿಳು. ಇಪ್ಪತ್ತೈದು ವರ್ಷ ಚಿನ್ನದ ಗಣಿಯಲ್ಲಿ, ಭೂಮಿಯ ಕೆಳಗೆ ಕೆಲಸ ಮಾಡಿ, ಎದೆಯಲ್ಲಿ ದೂಳು ಕೂತು, ಮೇಲೆ ಬಂದವರು. ನಾಲ್ಕು ಹೆಜ್ಜೆ ನಡೆದರೆ ಒಮ್ಮೆ ನಿಂತು ಕೆಮ್ಮುತ್ತಿದ್ದರು. ಏಪ್ರಿಲ್ ಬಿಸಿಲಿನಲ್ಲೂ ದಪ್ಪ ಕೋಟು, ತಲೆಗೆ ಮಫ್ಲರು. ಸ್ಟೇಷನ್ನಿನಲ್ಲಿ ಹೊಸಬರು ಅವರನ್ನು ನೋಡಿ ನಗುತ್ತಿದ್ದರು. ಒಂದು ಸಲ ನಾನೂ ನಕ್ಕೆ. ಅವರು ಬೇಸರಪಟ್ಟುಕೊಳ್ಳದೆ, ‘ಕೆಳಗೆ ಬೆವರಲ್ಲೇ ಬೆಂದೋಗಿದ್ವಿ ತಂಬಿ. ಈಗ ಚಳಿ ಆಯ್ತದೆ ಅಂದ್ರೆ ದೇವ್ರು ಕೊಟ್ಟ ಭಾಗ್ಯ’ ಅಂದರು. ಎರಡನೆಯ ದಿನವೇ ನಾನೂ ಹೆಗಲಿಗೆ ಎರಡು ಗೋಣಿ ಮಡಚಿ ಹಾಕಿಕೊಂಡೆ.

ಕೆಲಸ ಹೇಳುವುದಕ್ಕೆ ಸುಲಭ. ಐಸ್ ಗಡ್ಡೆಯನ್ನು ಕೊಕ್ಕೆಯಲ್ಲಿ ಎಳೆದು, ಗೋಣಿ ಸುತ್ತಿ, ಮರದ ಪೆಟ್ಟಿಗೆಯಲ್ಲಿ ಹೊಟ್ಟಿನ ನಡುವೆ ಹೂತು, ಬೆಳಗಿನ ರೈಲಿನ ಸಾಮಾನು ಸಾಗಿಸುವ ಬ್ರೇಕ್‌ವ್ಯಾನಿಗೆ ಏರಿಸಬೇಕು. ಬಂಗಾರಪೇಟೆಯಲ್ಲಿ ಇಳಿಸಿ ಮನೆಗೆ, ಅಂಗಡಿಗೆ ಮುಟ್ಟಿಸಬೇಕು. ಬೇರೆ ಸಾಮಾನು ಹೊತ್ತರೆ ಹೊತ್ತಷ್ಟೇ ತೂಕ ಕೊನೆಯವರೆಗೂ ಇರುತ್ತದೆ. ಇದು ಹಾಗಲ್ಲ. ಹೆಗಲ ಮೇಲೆ ಇದ್ದಂತೆಯೇ ಕಮ್ಮಿಯಾಗುತ್ತಾ ಹೋಗುತ್ತದೆ, ಬೆನ್ನೆಲ್ಲಾ ನೀರು. ಆದ್ದರಿಂದ ಮೇಸ್ತ್ರಿ ಯಾವ ಗಡ್ಡೆ ಎಷ್ಟು ದೂರ ಹೋಗಬೇಕೆಂದು ಮೊದಲು ಕೇಳುತ್ತಿದ್ದರು. ದೂರದವರಿಗೆ ದೊಡ್ಡದು, ಹತ್ತಿರದವರಿಗೆ ಚಿಕ್ಕದು. ‘ದಾರಿ ತಿನ್ನೋದನ್ನ ನಾವೇ ಕೊಡ್ಬೇಕು’ ಎನ್ನುತ್ತಿದ್ದರು. ನನಗೆ ಮೊದಲ ದಿನ ಹೇಳಿದ್ದು ಒಂದೇ ಮಾತು, ದಾರಿಯಲ್ಲಿ ಪೆಟ್ಟಿಗೆಯ ಬಾಯಿ ಬಿಡಬಾರದು. ಕಳ್ಳತನದ ಭಯಕ್ಕೆ ಹೇಳುತ್ತಾರೆ ಅಂದುಕೊಂಡೆ. ಎಸ್ಸೆಸ್ಸೆಲ್ಸಿ ಪಾಸಾದವನು ಯಾಕೆ ಎಂದು ಕೇಳಲಿಲ್ಲ.

ಆ ಬೇಸಿಗೆ ಬಂಗಾರಪೇಟೆಯ ಒಂದೆರಡು ಬೀದಿಯಲ್ಲಿ ಟೈಫಾಯ್ಡ್ ಹಬ್ಬಿತ್ತು. ಜ್ವರ ತಲೆಗೇರಿದವರಿಗೆ ನೆತ್ತಿಯ ಮೇಲೆ ಐಸ್ ಇಡಿ ಅಂತ ಡಾಕ್ಟರು ಹೇಳುತ್ತಿದ್ದರು. ಮೇಸ್ತ್ರಿಯವರ ಒಬ್ಬಳೇ ಮಗಳನ್ನು ಅಲ್ಲಿಗೇ ಕೊಟ್ಟಿತ್ತು, ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆಕೆಗೂ ಜ್ವರ ಹಿಡಿಯಿತು. ಒಂಬತ್ತು ದಿನವಾದರೂ ಇಳಿಯಲಿಲ್ಲ, ಮಾತು ತಪ್ಪಿತು, ಯಾರನ್ನು ನೋಡಿದರೂ ಗುರುತು ಸಿಗುತ್ತಿರಲಿಲ್ಲ. ಎರಡು ದಿನ ಐಸ್ ಇಟ್ಟು ಕಾಯಿರಿ, ಆಮೇಲೆ ನೋಡೋಣ ಎಂದು ಡಾಕ್ಟರು ಹೇಳಿದ್ದರಂತೆ. ‘ಆಮೇಲೆ ನೋಡೋಣ’ ಅನ್ನುವುದರ ಅರ್ಥ ಎಲ್ಲರಿಗೂ ಗೊತ್ತಿತ್ತು.

ಆ ದಿನ ನಾಲ್ಕು ಗಡ್ಡೆ ಹೋಗಬೇಕಿತ್ತು. ಒಂದು ಮೇಸ್ತ್ರಿಯ ಮಗಳ ಮನೆಗೆ, ಇನ್ನೊಂದು ಊರಾಚೆಯ ಜಟಕಾ ಗಾಡಿಯವನ ಮನೆಗೆ, ಅವನ ಹೆಂಡತಿಗೂ ಅದೇ ಜ್ವರ. ಉಳಿದೆರಡು ಸೋಡಾ ಅಂಗಡಿಗಳಿಗೆ. ಮೇಸ್ತ್ರಿ ತಾವೇ ಹೊರಟಿದ್ದರು. ಸ್ಟೇಷನ್ ಮೆಟ್ಟಿಲ ಹತ್ತಿರ ಕೆಮ್ಮು ಹತ್ತಿಕೊಂಡಿತು, ಉಸಿರು ಹಿಂದಕ್ಕೆ ಬರಲಿಲ್ಲ, ಹಾಗೇ ಕೂತುಬಿಟ್ಟರು. ರೈಲು ನಿಲ್ಲುವುದು ಎಷ್ಟು ಹೊತ್ತು? ‘ನೀನು ಓಗು ತಂಬಿ, ನಾನು ಮಧ್ಯಾಹ್ನದ ಗಾಡೀಲಿ ಬತ್ತೀನಿ’ ಅಂತ ಕೈಸನ್ನೆ ಮಾಡಿ ಹೇಳಿದರು. ಉಳಿದಿಬ್ಬರು ಆಳುಗಳು ಫ್ಯಾಕ್ಟರಿಯಲ್ಲಿ ಇದ್ದರು. ನಾನು ಒಬ್ಬನೇ ಹತ್ತಿದೆ.

ಕೋರಮಂಡಲ ಸ್ಟೇಷನ್ ದಾಟಿದ ಮೇಲೆ ಬಯಲಿನಲ್ಲಿ ರೈಲು ನಿಂತಿತು. ಮುಂದೆ ಸಿಗ್ನಲ್ ಕೈ ಬೀಳಲಿಲ್ಲ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ವ್ಯಾನಿನ ತಗಡು ಹೆಂಚಿನಂತೆ ಕಾದಿತ್ತು. ಪೆಟ್ಟಿಗೆಯ ಬಾಯಿ ತೆಗೆದು ಒಳಗೆ ಕೈಯಿಟ್ಟೆ. ಮೇಲಿನ ಹೊಟ್ಟು ಬೆಚ್ಚಗಿತ್ತು. ನಮ್ಮ ಕಡೆ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಡುವುದು ಕಾವು ಏರಿ ಬೇಗ ಹಣ್ಣಾಗಲಿ ಅಂತ. ಈ ಹೊಟ್ಟೂ ಹಾಗೇ ಕಾವು ಕಟ್ಟಿ ಒಳಗಿನದನ್ನು ಕರಗಿಸುತ್ತಿದೆ ಅಂದುಕೊಂಡೆ. ಹುಟ್ಟಿದಂದಿನಿಂದ ನಮ್ಮ ಮನೆಯಲ್ಲಿ ಸೊಪ್ಪಿನ ಮೂಟೆ ಸಂತೆಗೆ ಹೋಗುವುದನ್ನು ನೋಡಿದವನು ನಾನು. ಬಾಡಬಾರದು ಅಂದರೆ ಗೋಣಿಯ ಬಾಯಿ ಸಡಿಲಿಸಿ ಗಾಳಿ ಆಡಲು ಬಿಡಬೇಕು, ಮೇಲೆ ನೀರು ಚಿಮುಕಿಸುತ್ತಿರಬೇಕು. ಹೊಟ್ಟನ್ನೆಲ್ಲ ಬಾಚಿ ಪಕ್ಕಕ್ಕೆ ಹಾಕಿದೆ. ಗೋಣಿ ಬಿಚ್ಚಿದೆ. ಹಳಿಯ ಪಕ್ಕದ ಸಣ್ಣ ಹೊಂಡದಂಥ ಕುಂಟೆಯಿಂದ ಡಬ್ಬದಲ್ಲಿ ನೀರು ತಂದು ನಾಲ್ಕೂ ಗಡ್ಡೆಗೆ ಚಿಮುಕಿಸಿದೆ. ಒಂದು ಸಲ ಅಲ್ಲ, ಆರೇಳು ಸಲ ಓಡಾಡಿದೆ. ಮೇಸ್ತ್ರಿ ನೋಡಿದ್ದರೆ ಮೆಚ್ಚುತ್ತಿದ್ದರು ಅಂತ ಕೂಡ ಅನಿಸಿತು.

ಬಂಗಾರಪೇಟೆ ಬರುವ ಹೊತ್ತಿಗೆ ನಾಲ್ಕು ಗಡ್ಡೆ ಸೇರಿ ಒಂದೂವರೆಯಷ್ಟೂ ಇರಲಿಲ್ಲ. ಮತ್ತೊಂದು ಗಡ್ಡೆ ಕಟ್ಟಬೇಕಾದರೆ ಒಂದು ಹಗಲು ಒಂದು ರಾತ್ರಿ ಬೇಕು. ಪ್ಲಾಟ್‌ಫಾರಂ ಮೇಲೆ ನಿಂತು ಅತ್ತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಂಗಸರ ಮುಂದೆ ಅತ್ತೆ. ಆಮೇಲೆ ಸೋಡಾ ಅಂಗಡಿ, ಜಟಕಾದವನು, ಯಾರನ್ನೂ ನೆನೆಯದೆ, ಉಳಿದದ್ದನ್ನೆಲ್ಲ ಒಂದೇ ಗೋಣಿಗೆ ತುಂಬಿಕೊಂಡು ಮೇಸ್ತ್ರಿಯ ಮಗಳ ಮನೆಗೆ ಓಡಿದೆ. ಆಕೆ ಚಾಪೆಯ ಮೇಲೆ ಕಣ್ಣು ಅರೆತೆರೆದು ಮಲಗಿದ್ದಳು. ಆಕೆಯ ಅತ್ತೆ ಒಂದು ತುಂಡನ್ನು ಬಟ್ಟೆಯಲ್ಲಿ ಸುತ್ತಿ ಹಣೆಗೆ ಒತ್ತಿದರು. ಮಿಕ್ಕದ್ದನ್ನು ಮೂಲೆಯಲ್ಲಿಟ್ಟು ಎರಡು ಕಂಬಳಿ ಹೊದಿಸಿದೆವು. ಅದು ನಾಳೆ ಬೆಳಗಿನವರೆಗೆ ಬರುತ್ತದೆ ಎಂದು ನನಗೆ ಸ್ವಲ್ಪ ಉಸಿರು ಬಂತು.

ಮಧ್ಯಾಹ್ನದ ಗಾಡಿಗೆ ಮೇಸ್ತ್ರಿ ಬಂದರು. ಗೋಡೆ ಹಿಡಿದುಕೊಂಡೇ ಒಳಗೆ ಬಂದು ಮಗಳ ಪಾದ ಮುಟ್ಟಿ ನೋಡಿದರು. ಆಮೇಲೆ ಕಂಬಳಿ ಎತ್ತಿ ಮೂಲೆಯನ್ನು ನೋಡಿದರು.

‘ಇದೇನು ಇಷ್ಟೊಂದು ಐತೆ?’

‘ನಾಲ್ಕೂ ಸೇರಿ ಇಷ್ಟೇ ಮೇಸ್ತ್ರಿ. ಕಾವು ಏರ್ತದೆ ಅಂತ ಬಾಯಿ ಬಿಚ್ಚಿಬುಟ್ಟೆ. ನೀರು ಚಿಮುಕಿಸ್ಬುಟ್ಟೆ, ಸೊಪ್ಪಿಗೆ ಆಕ್ದಂಗೆ.’

ಅವರು ನನ್ನನ್ನೇ ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆದರೆ ಚೆನ್ನಾಗಿತ್ತು ಅಂತಲೂ ಅನಿಸಿತು. ಅವರು ಕೇಳಿದ್ದು ಬೇರೆಯೇ.

‘ಜಟಕಾದವನ ಮನೆಗೆ ಕೊಟ್ಯಾ?’

‘ಇಲ್ಲ ಮೇಸ್ತ್ರಿ.’

‘ಅಲ್ಲೂ ಒಂದು ತಲೆ ಸುಡ್ತಾ ಐತಲ್ಲ ತಂಬಿ’ ಅಂದರು, ಮೆಲ್ಲಗೆ.

ಮಗಳ ಅತ್ತೆ ಅಡ್ಡ ಬಂದರು. ‘ಬೀಗರೇ, ಮೊದ್ಲು ನಿಮ್ ಮಗಳ ಉಸಿರು ನೋಡ್ಕೊಳ್ಳಿ. ಊರೋರ ಚಿಂತೆ ಆಮೇಲೆ ಮಾಡೋಣ’ ಅಂದರು. ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಮನಸ್ಸಿನಲ್ಲಿ ಅದನ್ನೇ ಹೇಳುತ್ತಿದ್ದೆ. ಮೇಸ್ತ್ರಿ ಕೋಟಿನ ಜೇಬಿನಿಂದ ದಬ್ಬಳ ತೆಗೆದರು, ಗೋಣಿ ಹೊಲಿಯುವ ದಪ್ಪ ಸೂಜಿ. ಚೂರುಗಳನ್ನು ಎರಡು ಪಾಲು ಮಾಡಿ, ದೊಡ್ಡ ತುಂಡಿನ ಮೇಲೆ ಗೆರೆ ಕೊರೆದು, ಅಂಗೈಯ ಬುಡದಿಂದ ಒಂದು ಏಟು ಹಾಕಿದರು. ಎರಡಾಯಿತು. ಸಮ ಆಗಲಿಲ್ಲ. ಯಾವುದು ದೊಡ್ಡದು ಎಂದು ನನಗೆ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ಅವರು ದೊಡ್ಡದನ್ನೇ ಗೋಣಿಗೆ ಹಾಕಿ, ಒಲೆಯ ಪಕ್ಕದ ರಾಗಿ ಹೊಟ್ಟು ಸುರಿದು, ಬಾಯಿ ಬಿಗಿದು ನನ್ನ ಹೆಗಲಿಗೆ ಏರಿಸಿದರು. ‘ಅದು ದೂರ ಓಗ್ಬೇಕು. ಬಾಯಿ ಬಿಡ್ಬೇಡ’ ಅಂದರು.

ಊರಾಚೆಗೆ ಎರಡು ಮೈಲಿ. ಆ ಬಿಸಿಲಲ್ಲಿ ನಾನು ಒಮ್ಮೆಯೂ ನಿಲ್ಲಲಿಲ್ಲ. ಜಟಕಾದವನು ಬಾಗಿಲಲ್ಲೇ ನಿಂತಿದ್ದ, ಬೆಳಗಿನಿಂದ ಹಾಗೇ ನಿಂತಿದ್ದನಂತೆ. ನಾನು ಹಿಂತಿರುಗುವ ಹೊತ್ತಿಗೆ ಮೇಸ್ತ್ರಿ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಐಸ್ ಮುಗಿದಿತ್ತು. ಒದ್ದೆ ಬಟ್ಟೆಯನ್ನು ಹಿಂಡಿ ಹಿಂಡಿ ಹಾಕುತ್ತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಇನ್ನೊಂದು ಬಟ್ಟೆಯನ್ನು ನಾನು ಹಿಂಡಿದೆ...

ಎರಡು ದಿನ ಬಿಟ್ಟು ಮೇಸ್ತ್ರಿ ಫ್ಯಾಕ್ಟರಿಗೆ ಬಂದು, ‘ಜ್ವರ ಇಳೀತು ತಂಬಿ’ ಅಂದರು. ಜಟಕಾದವನ ಹೆಂಡತಿಯೂ ಆ ವಾರವೇ ಎದ್ದು ಕೂತಳು. ಫ್ಯಾಕ್ಟರಿಗೆ ಬಂದ ದಿನವೇ ಮೇಸ್ತ್ರಿ ನನ್ನನ್ನು ಬಂಗಾರಪೇಟೆಯ ಎರಡು ಸೋಡಾ ಅಂಗಡಿಗೂ ಕರೆದುಕೊಂಡು ಹೋಗಿ, ತಾವು ಬೀದಿಯಲ್ಲಿ ನಿಂತು, ನನ್ನನ್ನೇ ಒಳಗೆ ಕಳಿಸಿದರು. ನಡೆದದ್ದನ್ನು ನಾನೇ ಹೇಳಬೇಕಾಯಿತು. ಅಂಗಡಿಯವರು ಬಾಯಿಗೆ ಬಂದಂತೆ ಬೈದರು. ಹೊರಗೆ ಬಂದಾಗ ಮೇಸ್ತ್ರಿ, ‘ಆಯ್ತಲ್ಲ, ನಡಿ’ ಅಂದರು. ದಾರಿಯಲ್ಲಿ ಹೊಟ್ಟಿನ ವಿಷಯ ಹೇಳಿಕೊಟ್ಟರು. ಹೊಟ್ಟಿಗೆ ತಂಪು ಮಾಡಲೂ ಬರುವುದಿಲ್ಲ, ಬಿಸಿ ಮಾಡಲೂ ಬರುವುದಿಲ್ಲ, ಹೊರಗಿನದನ್ನು ಒಳಗೆ ಬಿಡದೆ ಸುಮ್ಮನೆ ಅಡ್ಡ ನಿಲ್ಲುತ್ತದೆ, ಅಷ್ಟೇ ಅದರ ಕೆಲಸ. ಮುಂದೆ ಮೂವತ್ತನಾಲ್ಕು ವರ್ಷ ಮೇಷ್ಟರಾಗಿ ಎಷ್ಟೋ ಪಾಠ ಮಾಡಿದ್ದೇನೆ. ಅಷ್ಟು ಚೆನ್ನಾಗಿ ಒಂದನ್ನೂ ಮಾಡಲಿಲ್ಲ.

ಮಳೆ ಬಿತ್ತು, ಕೆಲಸ ಮುಗಿಯಿತು. ಟ್ರೈನಿಂಗಿಗೆ ಕಾಗದ ಬಂತು. ಹೇಳಿ ಬರಲು ಹೋದಾಗ ಮೇಸ್ತ್ರಿ ಗಣಿಯವರ ಲೈನಿನಲ್ಲಿದ್ದ ತಮ್ಮ ಮನೆಯ ಮುಂದೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ‘ಮಕ್ಕಳಿಗೆ ಒಡೀಬೇಡ’ ಅಂದರು. ಬರುತ್ತಿರುತ್ತೇನೆ ಅಂದೆ. ಹೋಗಲಿಲ್ಲ. ಕೆಲಸ ಸಿಕ್ಕಿದ್ದು ದೂರದ ಜಿಲ್ಲೆಯಲ್ಲಿ, ಆಮೇಲೆ ಮಕ್ಕಳು, ಮನೆ... ನಾಲ್ಕು ವರ್ಷದ ನಂತರ ಅವರು ತೀರಿಕೊಂಡ ಸುದ್ದಿ ಯಾರ ಮದುವೆಯಲ್ಲೋ ಕಿವಿಗೆ ಬಿತ್ತು. ಊಟದ ಎಲೆಯ ಮುಂದೆ ಕೂತಿದ್ದೆ, ಊಟ ಮಾಡಿ ಎದ್ದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಬಡಗಿ ಬಂದ ಮರುದಿನವೇ ಬಂಗಾರಪೇಟೆಗೆ ಬಸ್ಸು ಹತ್ತಿದೆ. ಐಸ್ ಮೇಸ್ತ್ರಿಯ ಮಗಳ ಮನೆ ಎಲ್ಲಿ ಎಂದು ಕೇಳಿದರೆ ತೋರಿಸುವವರು ಇನ್ನೂ ಇದ್ದರು. ಎಂಬತ್ತು ದಾಟಿದ ಆಕೆ ಜಗಲಿಯ ಮೇಲೆ ಕೂತು ಮೊಮ್ಮಗನ ಹೆಂಡತಿಯ ಜೊತೆ ಅವರೆಕಾಯಿ ಸುಲಿಯುತ್ತಿದ್ದರು. ನಾನು ಯಾರೆಂದು ಹೇಳಿದೆ. ಮೊಮ್ಮಗನ ಹೆಂಡತಿ, ‘ಜೋರಾಗಿ ಹೇಳಿ ತಾತ, ಅವರಿಗೆ ಕೇಳ್ಸಲ್ಲ’ ಅಂದಳು. ಮತ್ತೆ ಹೇಳಿದೆ, ಇನ್ನೂ ಜೋರಾಗಿ ಹೇಳಿದೆ. ಕೊನೆಗೆ ಎದುರಿನ ಅಂಗಡಿಯವರು ತಿರುಗಿ ನೋಡುವಂತೆ, ‘ನಿಮ್ಮ ಐಸಿಗೆ ನೀರು ಹಾಕಿದವನು ನಾನು’ ಎಂದು ಕೂಗಿದೆ.

ಆಕೆಯ ಕೈಯಲ್ಲಿದ್ದ ಕಾಯಿ ಜಾರಿತು. ‘ಅಯ್ಯೋ, ನೀವೇನಾ ಅದು’ ಎಂದು ನಗತೊಡಗಿದರು. ‘ಅಪ್ಪ ಮನೆಗೆ ಯಾರು ಬಂದ್ರೂ ಅದನ್ನೇ ಹೇಳ್ತಿದ್ರು. ಸೊಪ್ಪು ಅಂದ್ಕೊಂಡು ಐಸ್‌ಗೆ ನೀರು ಕುಡಿಸ್ದ ಮೇಷ್ಟ್ರು ಅಂತ. ಕೆಮ್ಮು ಬಂದ್ರೂ ಬಿಡ್ತಿರ್ಲಿಲ್ಲ, ನಗ್ತಾನೇ ಇರೋರು.’

ನಾನು ಜಗಲಿಯ ಮೇಲೆ ಕೂತೆ. ಅಷ್ಟು ವರ್ಷ ನಾನು ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವರು ಮನೆಮಂದಿಯೆಲ್ಲ ನಗುವ ಕತೆ ಮಾಡಿಟ್ಟಿದ್ದರು. ಅದಕ್ಕಿಂತ ದೊಡ್ಡ ಉಪಕಾರವನ್ನು ನನಗೆ ಯಾರೂ ಮಾಡಿಲ್ಲ. ಆದರೆ ಅದನ್ನು ಹೇಳಲು ಈಗ ಅವರಿಲ್ಲ. ಆಕೆ ಕಾಫಿ ಕೊಡಿಸಿದರು, ಅವರೆಕಾಯಿ ಕಟ್ಟಿಕೊಟ್ಟರು. ಹೊರಡುವಾಗ ಒಂದು ಮಾತು ಮಾತ್ರ ತಡೆಯಲಾಗಲಿಲ್ಲ.

‘ಕಿವಿ ಆ ಜ್ವರದಲ್ಲೇ ಹೋಯ್ತಾ ಅಮ್ಮ?’ ಅಂತ ಕೇಳಿದೆ. ಮೆಲ್ಲಗೆ ಕೇಳಿದೆ.

ಆಕೆ ನನ್ನ ಬಾಯಿಯನ್ನೇ ನೋಡುತ್ತಾ, ‘ಏನಂದ್ರಿ?’ ಅಂದರು.

‘ಬತ್ತೀನಿ ಅಂದೆ’ ಎಂದು ಜೋರಾಗಿ ಹೇಳಿ ಬಂದೆ.