ತಕರಾರಿಲ್ಲದ ಸೋಮವಾರ

ಕೇಳ್ರಿ ಗೆಳ್ಯಾರ, ಇವತ್ತ ನಾನು ಅರ್ಜಿ ಕೊಡಾಕ ಹೋಗಲಿಲ್ಲ. ಸಾಲ್ಯಾಗ ನಮ್ಮ ಮಕ್ಕಳಿಗೆ ಕನ್ನಡ ಕಲಿಸ್ರಿ ಅಂತ ಎರಡು ವರ್ಷದಿಂದ ಪ್ರತಿ ಸೋಮವಾರ ಕೊಡತಿದ್ದೆ. ಸರಕಾರದ ಭಾಷಾ ಉರ್ದು, ಅದಕ್ಕ ಅದನ್ನೂ ಉರ್ದುದಾಗ ಬರಸಬೇಕು, ಇಲ್ಲಂದ್ರ ನಮ್ಮ ಕುಷ್ಟಗಿ ಕಚೇರ್ಯಾಗ ಮುಟ್ಟಂಗಿಲ್ಲ. ಸಾಕಾಗಿತ್ತು. ನನ್ನ ಬೆಲ್ಲದ ಅಂಗಡಿ ಮುಂದಿನ ಬೇವಿನ ನೆರಳಾಗ ಅಡ್ಡಾದೆ. ಹೂವು ಮೈಮ್ಯಾಲೆ ಸಣ್ಣಗ ಉದುರತಿದ್ವು. ಕಣ್ಣು ಮುಚ್ಚಿದ್ರ ಎಲ್ಲೋ ದೂರದಾಗ ಹುಡುಗೂರು ಕನ್ನಡದಾಗ ಮಗ್ಗಿ ಹೇಳಿದಂಗ ಕೇಳತಿತ್ತು.

"ಸಾವ್ಕಾರ್ರ, ಮೈಯಾಗ ಆರಾಮ ಇಲ್ಲೇನು?"

ಕಣ್ಣು ತೆರದ್ರ ಕಚೇರಿ ಮುನ್ಶಿ ಸಾಹೇಬ್ರು. ನನ್ನ ಅರ್ಜಿ ಇಸಗೊಂಡು ಮೂಲಿಗೆ ಒಗಿಯೋರು ಇವರ.

"ಬ್ಯಾಸರಾಗೈತ್ರಿ. ನೀವು ಓದಂಗಿಲ್ಲ, ನಾ ಯಾಕ ಕೊಡ್ಲಿ?"

ಅವರು ಕಟ್ಟಿ ಮ್ಯಾಲೆ ಕುಂತರು. "ನಿಮ್ಮ ಅರ್ಜಿ ಬರಲಿಲ್ಲಂದ್ರ, ಈ ವಾರ ಊರಾಗ ಯಾರದೂ ತಕರಾರಿಲ್ಲ ಅಂತ ನಾನು ಮ್ಯಾಲಿನವರಿಗೆ ಬರೀಬೇಕ್ರಿ. ಅಷ್ಟು ದೊಡ್ಡ ಸುಳ್ಳು ಬರಿಯಾಕ ಕೈ ಏಳವಲ್ದು."

ನಿದ್ದಿ ಹಾರಿತು. "ಉರ್ದು ಬರಕೊಡಾಂವ ತಾವರಗೇರಾಕ್ಕ ಹೋಗ್ಯಾನಲ್ರಿ?"

ಅವರು ಕಿಸೆದಾಗಿನ ಪೆನ್ನು ತಗದು, ತಮ್ಮ ಕಚೇರಿಗೆ ತಾವ ಅರ್ಜಿ ಬರದ್ರು. ನಾನು ಕೆಳಗ ಕನ್ನಡದಾಗ ಸಹಿ ಹಾಕಿದೆ. ಅವರು ಹಾಳಿ ಮ್ಯಾಲೆ ಬಿದ್ದ ಬೇವಿನ ಹೂವು ಊದಿ, ಮಡಚಿಕೊಂಡು ಎದ್ದರು.

"ನಾಳೆ ಬರ್ರಿ. ಆಗಂಗಿಲ್ಲ ಅನ್ನೋ ಜವಾಬು ಬರದಿಟ್ಟಿರತೀನಿ."

ನಮ್ಮೂರಾಗ ಈ ವಾರನೂ ತಕರಾರು ಐತಿ, ಗೆಳ್ಯಾರ. ಆರಾಮ ಮಲಕೋರಿ.