ಇನ್ನಾಸಪ್ಪನವರ ಓಟಿನ ಜಪ

ಮತದಾನಕ್ಕೆ ಒಂಬತ್ತು ದಿನ ಇದೆಯೆನ್ನುವಾಗ ಟಿ. ನರಸೀಪುರದ ದರ್ಜಿ ಇನ್ನಾಸಪ್ಪನವರ ಹೊಲಿಗೆ ಮಿಷನ್ನು ಸಂಜೆ ಐದಕ್ಕೇ ನಿಲ್ಲತೊಡಗುತ್ತದೆ. ಪೇಪರಿನಲ್ಲಿ ಬಂದ ಅಭ್ಯರ್ಥಿಗಳ ಪಟ್ಟಿಯನ್ನು ಕತ್ತರಿಸಿ, ಮನೆಯಲ್ಲಿ ಯೇಸುವಿನ ತಾಯಿ ಮರಿಯಮ್ಮನವರ ಪಟದ ಕೆಳಗೆ ಗುಂಡುಸೂಜಿಯಿಂದ ಚುಚ್ಚಿ, ಒಬ್ಬೊಬ್ಬರ ಹೆಸರಿಗೂ ಜಪಸರದ ಹತ್ತು ಮಣಿ ಎಣಿಸುತ್ತಾರೆ. ತೊಂಬತ್ತೊಂಬತ್ತರ ಚುನಾವಣೆಯಲ್ಲಿ ಹದಿನಾಲ್ಕು ಜನ ನಿಂತಾಗ ಮನೆಯವರ ಊಟ ದಿನವೂ ತಡವಾಗಿ, ಹೆಂಡತಿ ಲೂರ್ದಮ್ಮ, "ಈ ಪಕ್ಷೇತರರಿಗೆಲ್ಲ ಸೇರ್ಸಿ ಒಂದೇ ಜಪ ಮಾಡಬಾರ್ದಾ?" ಎಂದು ಗೊಣಗಿದ್ದರು. "ದೇವರ ಮುಂದೆ ಠೇವಣಿ ಕಳ್ಕೊಂಡೋನು ಅಂತ ಯಾರೂ ಇಲ್ಲ ಕಣೇ" ಎಂದರು ಇವರು. ಓಟು ಕೇಳಲು ಬಂದವರಿಗೆ ಸ್ಟೂಲು ಕೊಟ್ಟು, ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಕೇಳುವುದು ಒಂದೇ ಪ್ರಶ್ನೆ: "ನಮ್ ಬೀದಿ ಚರಂಡಿ ತೆಗೆಯೋ ಮಂಚಯ್ಯ ನಿಮ್ಮನೆಗೆ ಬಂದ್ರೆ ನೀರು ಯಾವುದ್ರಲ್ಲಿ ಕೊಡ್ತೀರಿ ಸಾ?" ರಸ್ತೆ, ನಾಲೆ, ಪಿಂಚಣಿಗೆ ಉತ್ತರ ಸಿದ್ಧಮಾಡಿಕೊಂಡು ಬಂದವರು ತಬ್ಬಿಬ್ಬಾಗಿ ಚಪ್ಪಲಿ ಹುಡುಕುತ್ತಾರೆ. ಯಾರಿಗೆ ಓಟು ಹಾಕಿದೆನೆಂದು ಮಾತ್ರ ಅವರು ಚರ್ಚಿನ ಫಾದರಿಗೂ ಹೇಳಿದವರಲ್ಲ. ಪಕ್ಕದ ಅಂಗಡಿಯವನಾದ ನನಗೋ ಕುತೂಹಲ ತಡೆಯದು. ಒಂದು ಸಂಜೆ ಅವರ ಮನೆಗೇ ಹೋಗಿ ಆ ಪಟ್ಟಿಯನ್ನು ಇಣುಕಿ ನೋಡಿದೆ. ಯಾವ ಹೆಸರಿಗೂ ಅವರು ಗುರುತು ಹಾಕಿರಲಿಲ್ಲ. ಎಲ್ಲಕ್ಕಿಂತ ಮೇಲೆ, ಬಟ್ಟೆಗೆ ಗೆರೆ ಹಾಕುವ ಪೆನ್ಸಿಲಿನಲ್ಲಿ 'ಇನ್ನಾಸಪ್ಪ' ಎಂದು ಬರೆದಿತ್ತು. "ಏನು, ನೀವೂ ನಿಂತುಬಿಟ್ರಾ?" ಎಂದು ನಕ್ಕೆ. ಅವರು ನಗಲಿಲ್ಲ. "ಮೊದಲ್ನೇ ಜಪ ನನಗೇ ಬೇಕು ಸಾ. ವರ್ಷಗಟ್ಲೆ ಆ ಮಂಚಯ್ಯನ ಬೊಗಸೆಗೆ ಮೇಲಿಂದ ನೀರು ಉಯ್ದೋನು ನಾನೇ."